ಲಾರಿಯ ಮೂತಿಗೆ ಕಟ್ಟಿದ ರಾಟೆ

ಅದು ನಲವತ್ಮೂರನೇ ಇಸವಿ. ಯುದ್ಧದ ದೆಸೆಯಿಂದ ಪೆಟ್ರೋಲು ಕಣ್ಣಿಗೆ ಬೀಳದ ಕಾಲ. ಲಾರಿಗಳೆಲ್ಲ ಬೆನ್ನಿಗೊಂದು ಒಲೆ ಕಟ್ಟಿಕೊಂಡು, ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಕೆಮ್ಮುತ್ತ ಓಡುತ್ತಿದ್ದವು. ನಾನು ಮಧುಗಿರಿಯ ಒಬ್ಬ ಸಾಹುಕಾರರ ಲಾರಿ ಓಡಿಸುತ್ತಿದ್ದೆ. ಕಡಲೆಕಾಯಿ ಮೂಟೆ ತುಂಬಿಕೊಂಡು ಗೌರಿಬಿದನೂರಿನ ರೈಲಿಗೆ ಮುಟ್ಟಿಸುವುದು ನನ್ನ ಕೆಲಸ. ನಡುವೆ ಜಯಮಂಗಲಿ ಹೊಳೆ. ಸೇತುವೆ ಇರಲಿಲ್ಲ. ಹೊಳೆ ಅಂದರೂ ವರ್ಷದ ಬಹುಪಾಲು ಬರೀ ಮರಳು. ಆ ಮರಳಿಗೇ ಲಾರಿ ಇಳಿಸಿ ಆಚೆ ದಡ ಹತ್ತಿಸಬೇಕು.

ಹಿಂದಿನ ವರ್ಷ ನನ್ನ ಹೆಂಡತಿ ವಿಷಮಶೀತ ಜ್ವರದಲ್ಲಿ ತೀರಿಕೊಂಡಿದ್ದಳು. ಮದುವೆಯಾಗಿ ಮೂರೇ ವರ್ಷ, ಮಕ್ಕಳಾಗಿರಲಿಲ್ಲ. ಅವಳು ಹೋದ ಮೇಲೆ ಮನೆಯ ಬೀಗ ತೆಗೆಯುವ ಸದ್ದು ಕೂಡ ನನಗೆ ದೊಡ್ಡದಾಗಿ ಕೇಳುತ್ತಿತ್ತು. ಕ್ಲೀನರ್ ಬೇಡವೆಂದು ಸಾಹುಕಾರರಿಗೆ ಹೇಳಿಬಿಟ್ಟೆ. ಪಕ್ಕದಲ್ಲಿ ಒಬ್ಬ ಕೂತರೆ ಮಾತಾಡಬೇಕಲ್ಲ!

ಮೊದಲ ಸಲ ಲಾರಿ ಮರಳಲ್ಲಿ ಹೂತಾಗ ಆಚೆ ದಡದ ಹಟ್ಟಿಯವರು ಎರಡು ಜೊತೆ ಎತ್ತು ತಂದು ಎಳೆದರು. ಕುರಿ ಸಾಕುವ ಜನ. ಹೂತವನನ್ನು ಎತ್ತಿದ ಮೇಲೆ ಅವನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದು ಅನ್ನುವುದು ಅವರ ಕಟ್ಟಳೆ. ಕೆಂಚಜ್ಜಿ ಎಂಬ ಮುದುಕಿ ನನ್ನನ್ನು ಕೂರಿಸಿ ಮುದ್ದೆ ಇಕ್ಕಿದಳು. ಮೊದಲ ತುತ್ತಿಗೇ ಕೇಳಿದಳು, "ಮನೇಲಿ ಯಾರವ್ರೆ ಮಗ?"

ಯಾಕೋ ಸತ್ಯ ಹೇಳಲು ನಾಲಿಗೆ ಏಳಲಿಲ್ಲ. "ಹೆಂಡ್ತಿ ಇದಾಳೆ ಅಜ್ಜಿ" ಅಂದುಬಿಟ್ಟೆ. ಹಾಗೆ ಹೇಳಿದಾಗ, ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಅವಳು ನಿಜಕ್ಕೂ ಮನೆಯಲ್ಲಿದ್ದಾಳೆ ಅನ್ನಿಸಿತು.

ಒಂದು ಸುಳ್ಳು ಕಟ್ಟಿಕೊಂಡರೆ ಅದಕ್ಕೆ ದಿನಾ ಮೇವು ಹಾಕಬೇಕು ಅಂತ ನಮ್ಮಮ್ಮ ಹೇಳುತ್ತಿದ್ದಳು. ಹಾಗೇ ಆಯಿತು. ಎರಡನೇ ಸಲ ಹೂತಾಗ ಅಜ್ಜಿ ಅವರೆಕಾಳು ಕಟ್ಟಿಕೊಟ್ಟಳು, "ನಿನ್ ಹೆಂಡ್ರಿಗೆ ಕೊಡು" ಅಂತ. ಮೂರನೇ ಸಲ ತನ್ನದೇ ಸೀರೆಯ ತುಂಡಿನಲ್ಲಿ ಒಂದು ಡಜನ್ ಹಸಿರು ಬಳೆ, ಚೂರು ಅರಿಶಿನ ಕುಂಕುಮ. ಮನೆಗೆ ಒಯ್ಯುವಂತಿಲ್ಲ, ಎಸೆಯುವಂತಿಲ್ಲ. ಸೀಟಿನ ಕೆಳಗಿನ ಸ್ಪ್ಯಾನರ್ ಪೆಟ್ಟಿಗೆಯಲ್ಲಿ ಇಟ್ಟೆ.

ನಾಲ್ಕನೇ ಸಲ ಹೂತಾಗ ಮುದ್ದೆ ಇಕ್ಕುತ್ತ ಕೇಳಿದಳು, "ಬಳೆ ಸರಿಹೋದವಾ?"

"ಸರಿಹೋದವು ಅಜ್ಜಿ."

"ಏನಾರಾ ವಿಶೇಷ?"

"ಇನ್ನೂ ಇಲ್ಲ ಅಜ್ಜಿ."

ಆವತ್ತು ಅವಳು ಒಂದು ಕುರಿಮರಿಯ ಕಿವಿಯಂಚು ಕತ್ತರಿಸಿ ನನ್ನ ಹೆಂಡತಿಯ ಬಸಿರಿಗೆಂದು ದೇವರಿಗೆ ಬಿಟ್ಟಳು. ನಾನು ಲಾರಿ ಹತ್ತಿದವನು ಮಧುಗಿರಿ ಮುಟ್ಟುವವರೆಗೂ ಅತ್ತೆ. ಇನ್ನು ಆ ಹಟ್ಟಿಯವರ ಮುಖ ನೋಡಲಾರೆ ಅಂದುಕೊಂಡೆ. ಮುಖ ನೋಡಬಾರದೆಂದರೆ ಲಾರಿ ಹೂತುಕೊಳ್ಳಬಾರದು, ಹೂತರೂ ನಾನೇ ಎತ್ತಿಕೊಳ್ಳಬೇಕು.

ಶಿರಾದಲ್ಲಿ ಗುಜರಿ ಅಂಗಡಿಯ ಸಾಹೇಬರೊಬ್ಬರಿದ್ದರು. ಹಳೆ ಕಬ್ಬಿಣದಿಂದ ಏನು ಬೇಕಾದರೂ ಎಬ್ಬಿಸಬಲ್ಲ ಮನುಷ್ಯ. ಮುರಿದ ಲಾರಿಯ ಚಾಸಿಸ್ಸಿನಿಂದ ಎರಡು ಉದ್ದನೆ ಪಟ್ಟಿ ತೆಗೆದೆವು. ಒಡೆದ ಕಬ್ಬಿನ ಗಾಣದಿಂದ ಒಂದು ಉರುಳೆ, ಎರಡು ಹಲ್ಲುಚಕ್ರ ಸಿಕ್ಕವು. ಬೆಸುಗೆ ಹಾಕುವ ಯಂತ್ರವಿಲ್ಲ. ಎಲ್ಲವನ್ನೂ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಗ್ಗಿಸಿ, ರಿವೆಟ್ ಹೊಡೆದು ಕೂಡಿಸಿದ್ದು. ನಾಲ್ಕು ಭಾನುವಾರ ನಾನು ಸುತ್ತಿಗೆ ಹೊಡೆದೆ. ಲಾರಿಯ ಮುಂದೆ ಅಡ್ಡಪಟ್ಟಿ, ಅದರ ನಡುವೆ ಉರುಳೆ, ಉರುಳೆಗೆ ಇಪ್ಪತ್ತು ಮಾರು ಉಕ್ಕಿನ ಹಗ್ಗ, ಪಕ್ಕಕ್ಕೆ ತಿರುಗಿಸುವ ಹಿಡಿ. ಹಗ್ಗದ ತುದಿಯನ್ನು ಮರಕ್ಕೆ ಕಟ್ಟಿ ಹಿಡಿ ತಿರುಗಿಸಿದರೆ ಲಾರಿ ತನ್ನನ್ನು ತಾನೇ ಎಳೆದುಕೊಳ್ಳಬೇಕು.

ಸಾಹೇಬರು ಹಿಂದೆ ಸರಿದು ನೋಡಿ ಗಡ್ಡ ನೀವಿದರು. "ಮಜಬೂತ್ ಆಗೈತೆ ಭಾಯ್. ಆದ್ರೆ ಮೂತಿ ಭಾರ ಆಯ್ತು. ಮೊದಲಿಗಿಂತ ಜಾಸ್ತಿ ಹೂತ್ಕೊಂತದೆ, ನೋಡ್ತಿರಿ."

"ಹೂತ್ಕೊಂಡ್ರೆ ಎಳ್ಕೊಳ್ಳೋಕೆ ಇದೆಯಲ್ಲ ಸಾಹೇಬ್ರೆ."

"ಒಬ್ರೇ ಎಳ್ಕೊಂಡು ಒಬ್ರೇ ಎಲ್ಲಿಗೆ ಹೋಗ್ತೀರಿ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ರಾಟೆ ಚೆನ್ನಾಗಿಯೇ ನಡೆಯಿತು. ಆಚೆ ದಡದಲ್ಲಿ ಒಂದು ದಪ್ಪ ಹೊಂಗೆಮರವಿತ್ತು. ಹೂತಾಗಲೆಲ್ಲ ಹಗ್ಗ ಒಯ್ದು ಅದಕ್ಕೆ ಕಟ್ಟುವುದು, ಬಂದು ಹಿಡಿ ತಿರುಗಿಸುವುದು. ಹಟ್ಟಿಯವರು ದಡದ ಮೇಲೆ ನಿಂತು ನೋಡುತ್ತಿದ್ದರು. ಕೆಂಚಜ್ಜಿಯ ಮಗ ಕರಿಯಣ್ಣ ಒಂದೆರಡು ಸಲ ಕೂಗಿದ, "ಏನಣ್ಣೋ, ಮೂತಿಗೆ ಗಾಣ ಕಟ್ಕೊಂಡ್ಮೇಲೆ ನಾವು ಬ್ಯಾಡ್ವಾದ್ವಾ?" ನಾನು ಕೈ ಎತ್ತಿ, ಹಾರ್ನ್ ಒತ್ತಿ, ಮುಂದೆ ಹೋಗುತ್ತಿದ್ದೆ. ಹೀಗೆ ಹತ್ತಿರಹತ್ತಿರ ಒಂದು ವರ್ಷ. ಆ ವರ್ಷದಲ್ಲಿ ಯಾರ ಮನೆಯಲ್ಲೂ ಕೂತು ಒಂದು ತುತ್ತು ಉಂಡ ನೆನಪು ನನಗಿಲ್ಲ.

ಆಶ್ವಯುಜದ ಒಂದು ಮಧ್ಯಾಹ್ನ. ನಮ್ಮ ಕಡೆ ಬಿಸಿಲು. ದೂರದಲ್ಲಿ, ಹೊಳೆ ಹುಟ್ಟುವ ದೇವರಾಯನದುರ್ಗದ ಕಡೆ ಮಾತ್ರ ಆಕಾಶ ಕಪ್ಪಗಿತ್ತು. ಮೂಟೆ ತುಂಬಿದ ಲಾರಿ ಆಚೆ ದಡ ಇನ್ನೇನು ಬಂತು ಅನ್ನುವಾಗ ಮೂತಿ ತಗ್ಗಿಸಿ ಕುಸಿಯಿತು. ಇಳಿದು ಹಗ್ಗ ಬಿಚ್ಚಿಕೊಂಡು ಹೋದೆ. ನೋಡುತ್ತೇನೆ, ಹೊಂಗೆಮರವಿಲ್ಲ! ಬೇರುಸಹಿತ ಅಗೆದ ಗುಂಡಿ ಮಾತ್ರ. ಇದ್ದಿಲಿಗೆಂದು ಕಡಿದು ಒಯ್ದಿದ್ದರು. ಅದೇ ಇದ್ದಿಲನ್ನು ನಾನೇ ಲಾರಿಯ ಬೆನ್ನಿನ ಒಲೆಗೆ ತುಂಬಿಕೊಂಡು ಬಂದಿದ್ದೆನೋ ಏನೋ, ಯಾರಿಗೆ ಗೊತ್ತು? ಸುತ್ತ ಮೊಣಕಾಲೆತ್ತರದ ಗಿಡವೂ ಇಲ್ಲ. ಹಗ್ಗದ ಕೊಕ್ಕೆ ಹಿಡಿದು ಸುಮ್ಮನೆ ನಿಂತೆ. ಕೂಗಿದರೆ ಕೇಳುವಷ್ಟು ಹತ್ತಿರ ಹಟ್ಟಿ. ಯಾವ ಮುಖದಲ್ಲಿ ಕೂಗಲಿ?

ದಡದ ಮೇಲೆ ಉಣ್ಣೆ ನೂಲುತ್ತ ಕೂತಿದ್ದ ಕೆಂಚಜ್ಜಿಯೇ ಎದ್ದು ಬಂದಳು.

"ಯಾಕ್ಲಾ, ನಮ್ಮಟ್ಟಿ ದಾರಿ ಮರ್ತೋಗಿತ್ತಾ? ಬಾಯಿಬುಟ್ಟು ಕರೆಯಕ್ಕೇನಾಗಿತ್ತು?" ಅಂದವಳೇ ತಿರುಗಿ ಕೂಗಿದಳು, "ಲೇ ಕರಿಯಾ, ಮ್ಯಾಗ್ಲಿಂದ ನೀರು ಬತ್ತೈತೆ ಕಣ್ಲಾ! ಎಲ್ರನ್ನೂ ಕರ್ಕಂಡ್ ಬಾ!"

ಆಗಲೇ ಮರಳಿನ ಮೇಲೆ ನೊರೆ, ಎಲೆ, ಕಡ್ಡಿ ತಳ್ಳಿಕೊಂಡು ಕೆಂಪು ನೀರು ತೆಳ್ಳಗೆ ಹರಿದು ಬರುತ್ತಿತ್ತು.

ಹಟ್ಟಿಗೆ ಹಟ್ಟಿಯೇ ಬಂತು. ಅರ್ಧ ಜನ ಮೂಟೆ ಹೊತ್ತು ದಡಕ್ಕೆ ಹಾಕಿದರು. ಕರಿಯಣ್ಣ ಪಾಳುಬಾವಿಯಲ್ಲಿ ಹಿಂದೆ ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಪಿಲೆಯ ಹಳೆ ತೊಲೆಯೊಂದನ್ನು ಎಳೆತರಿಸಿದ. "ಮರ ಇಲ್ದಿದ್ರೆ ಮರ ನೆಡಬೇಕು ಕಣಣ್ಣ" ಎನ್ನುತ್ತ ದಡದಲ್ಲಿ ಎದೆಮಟ್ಟ ಗುಂಡಿ ತೋಡಿಸಿ, ತೊಲೆಯ ನಡುವಿಗೆ ಹಗ್ಗ ಸುತ್ತಿ, ಅದನ್ನು ಅಡ್ಡಡ್ಡ ಮಲಗಿಸಿ ಮಣ್ಣು ಮುಚ್ಚಿಸಿದ. ಮೇಲೆ ಹತ್ತು ಜನ ಹತ್ತಿ ನಿಂತರು. ನಾನು, ಕರಿಯಣ್ಣ ಹಿಡಿಗೆ ಕೈ ಹಾಕಿದೆವು. ನೀರು ಮೊಣಕಾಲು ಮುಟ್ಟಿತು. ಹಲ್ಲುಚಕ್ರ ಕಟಕಟನೆ ಒಂದೊಂದೇ ಹಲ್ಲು ಏರಿತು. ಲಾರಿ ನರಳಿ, ಮೂತಿ ಎತ್ತಿ, ದಡಕ್ಕೆ ಬಂತು. ತಿರುಗಿ ನೋಡಿದರೆ ಲಾರಿ ನಿಂತಿದ್ದ ಜಾಗದಲ್ಲಿ ಹೊಳೆ ಎರಡೂ ದಡ ತುಂಬಿ ಓಡುತ್ತಿತ್ತು.

ಲಾರಿಯಿಂದ ಇಳಿಸಿದ ಸಾಮಾನಿನ ನಡುವೆ ಸ್ಪ್ಯಾನರ್ ಪೆಟ್ಟಿಗೆಯೂ ಇತ್ತು. ಮುಚ್ಚಳ ತೆರೆದುಕೊಂಡಿತ್ತು. ಕೆಂಚಜ್ಜಿ ತನ್ನ ಸೀರೆಯ ತುಂಡು ಗುರುತು ಹಿಡಿದು ಗಂಟು ಬಿಚ್ಚಿದಳು. ನಾಲ್ಕು ಬಳೆ ಒಡೆದಿದ್ದವು.

"ಇವ ತೊಡುಸೇ ಇಲ್ವಲ್ಲೋ?"

"ಅವಳು ಇಲ್ಲ ಅಜ್ಜಿ."

"ತವ್ರಿಗೋಗವ್ಳಾ?"

"ಇಲ್ಲ. ನಾನು ನಿಮ್ಮನ್ನ ನೋಡೋಕೂ ಮುಂಚೆಯೇ ಹೋಗಿಬಿಟ್ಟಳು."

ಅಜ್ಜಿ ಬಳೆಗಳನ್ನು ಮತ್ತೆ ಗಂಟು ಕಟ್ಟುತ್ತ ಕೇಳಿದಳು, "ಅಂಗಾರೆ ಆ ಅವರೆಕಾಳು?"

"ನಾನೇ ತಿಂದೆ."

"ಬೇಯ್ಸಕ್ ಬತ್ತದಾ ನಿಂಗೆ?"

"ಇಲ್ಲ ಅಜ್ಜಿ. ಬೆಂದಷ್ಟು ಬೆಂದಿತ್ತು."

"ಥೂ ನಿನ್ನ! ದೇವ್ರಿಗೂ ಸುಳ್ಳು ಹೇಳುಸ್ದಲ್ಲೋ ನನ್ ಬಾಯಾಗೆ" ಎಂದು ಬೆನ್ನಿಗೊಂದು ಗುದ್ದಿದಳು. ಗುದ್ದಿದ ಕೈಯನ್ನು ಅಲ್ಲೇ ಇಟ್ಟುಕೊಂಡು ಕೇಳಿದಳು, "ಏನ್ ಹೆಸ್ರು ಅವ್ಳ್ದು?"

ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿರಲಿಲ್ಲ. ಅವಳು ಸತ್ತ ಮೇಲಂತೂ ಯಾರೂ ಕೇಳಿರಲಿಲ್ಲ. "ಗೌರಮ್ಮ" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಹರಕೆ ತೀರದ ಮರಿಯನ್ನು ಅವರು ಮಾರುವಂತಿಲ್ಲ, ಕಡಿಯುವಂತಿಲ್ಲ. ಅದು ಆಗಲೇ ದೊಡ್ಡ ಟಗರಾಗಿತ್ತು. ಆವತ್ತಿನಿಂದ ಹಟ್ಟಿಯವರು ಅದನ್ನು ಗೌರವ್ವನ ಟಗರು ಅಂತಲೇ ಕರೆದರು. ಲಾರಿ ಹೂತರೂ ಹೂಳದಿದ್ದರೂ ನಾನು ಅಲ್ಲಿ ನಿಲ್ಲಿಸುತ್ತಿದ್ದೆ. ಮುದ್ದೆ ಉಣ್ಣುವಾಗ ಹೊರಗೆ ಯಾರೋ ಕೂಗುತ್ತಿದ್ದರು, "ಲೇ, ಗೌರವ್ವನ ಟಗರು ಹೊಲಕ್ ನುಗ್ತು, ಹೊಡ್ಕಂಡ್ ಬನ್ರೋ!" ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ.

ಈಗ ಅಲ್ಲಿ ಸೇತುವೆಯಾಗಿದೆ. ಕೆಂಚಜ್ಜಿ ಇಲ್ಲ, ಟಗರೂ ಎಂದೋ ಮುದಿಯಾಗಿ ಸತ್ತಿತು. ನಾನು ಮತ್ತೆ ಮದುವೆಯಾಗಲಿಲ್ಲ. ಬಸ್ಸಿನಲ್ಲಿ ಹೋದರೆ ಹೊಳೆ ದಾಟಿದ್ದೇ ತಿಳಿಯುವುದಿಲ್ಲ. ಆದರೂ ಅಲ್ಲಿ ನಾನು ಕಿಟಕಿಯಿಂದ ತಲೆ ಹೊರಗೆ ಹಾಕುತ್ತೇನೆ. ಈ ಲೋಕದಲ್ಲಿ ನನ್ನ ಹೆಂಡತಿಯ ಹೆಸರನ್ನು ಗಂಟಲೆತ್ತಿ ಕೂಗುತ್ತಿದ್ದ ಜಾಗ ಅದೊಂದೇ.