ಫೋನಿನಲ್ಲಿ ನಡೆದ ನಾಮಾವಳಿ

ಅಮ್ಮನ ಜೊತೆ ಮಾತಾಡುತ್ತಿರುವಾಗಲೇ ಯಾರದೋ ಬೆರಳು ಬಂದು ಫೋನಿನ ಗುಂಡಿ ಒತ್ತಿ ಲೈನ್ ಕತ್ತರಿಸಿದರೆ ನಿಮಗೆ ಹೇಗಾಗುತ್ತದೆ? ಓದಲೆಂದು ಮೈಸೂರಿನಿಂದ ವಿಲೆ ಪಾರ್ಲೆಯ ಲೇಡೀಸ್ ಹಾಸ್ಟೆಲಿಗೆ ಬಂದ ಮೊದಲ ಭಾನುವಾರವೇ ನನಗೆ ಹಾಗಾಯಿತು. ಬೆರಳು ನಮ್ಮ ಮೇಟ್ರನ್ ಅವರದು. ಎಲ್ಲರೂ ಅವರನ್ನು ಬಾಯಿ ಎನ್ನುತ್ತಾರೆ. ಮರಾಠಿಯಲ್ಲಿ ಅದು ಹಿರಿಯ ಹೆಂಗಸನ್ನು ಕರೆಯುವ ಮಾತು.

"ಯೇ ಕಾಯ್ ಭಾಷಾ ಹೈ? ಹಿಂದಿ ಮೇ ಬೋಲ್, ನಹೀ ತೋ ಕಟ್!"

ಇದ್ಯಾವ ಭಾಷೆ, ಹಿಂದಿಯಲ್ಲಿ ಮಾತಾಡು ಅಂತ. ಅಮ್ಮನಿಗೆ ಹಿಂದಿ ಬಾರದು. ನನ್ನದೂ ಅಷ್ಟಕ್ಕಷ್ಟೆ. ಹಿಂದೆ ಒಬ್ಬಳು ಬಾಯಿಗೆ ತಿಳಿಯದ ಭಾಷೆಯಲ್ಲಿ ಫೋನ್ ಮಾಡಿ ಮಾಡಿ, ಕೊನೆಗೆ ಓಡಿಹೋದಳಂತೆ. ಅಂದಿನಿಂದ ಅರ್ಥವಾಗದ ಮಾತೆಲ್ಲ ಅವರ ಕಿವಿಗೆ ಪ್ರೇಮದ ಮಾತೇ. ಮೈಸೂರಿನಲ್ಲಿ ಪಕ್ಕದ ಮನೆಯ ಫೋನಿನಲ್ಲಿ ಮಾತಾಡಿದರೆ ಇಡೀ ವಠಾರ ಕೇಳಿಸಿಕೊಳ್ಳುತ್ತದೆ, ಆದರೆ ಯಾರೂ ಕಟ್ ಮಾಡುವುದಿಲ್ಲ.

ಮರುವಾರ ಅಮ್ಮನ ಫೋನ್ ಬಂದಾಗ ಬೆರಳು ಬರುವ ಮೊದಲೇ "ಪೂಜಾ ಹೈ, ಬಾಯಿ" ಎಂದು, ಅಮ್ಮ ಫೋನಿನಲ್ಲೇ ಪೂಜೆ ಮಾಡಿಸುತ್ತಾಳೆಂದು ನಂಬಿಸಿಬಿಟ್ಟೆ. ಬಾಯಿ ಸೆರಗನ್ನು ತಲೆಗೆಳೆದುಕೊಂಡು ಪಕ್ಕದಲ್ಲೇ ಕೂತರು.

"ಪಕ್ಕದಲ್ಲೇ ಇದಾರೆ ನಮಃ" ಎಂದು ಅಮ್ಮನಿಗೆ ರಾಗವಾಗಿ ಹೇಳಿದೆ. ದಿನಾ ಅರ್ಚನೆ ಮಾಡುವ ಅಮ್ಮನಿಗೆ ತಕ್ಷಣ ಹೊಳೆಯಿತು.

"ಹೊಟ್ಟೆ ತುಂಬ ತಿಂತಿದೀಯಾ ನಮಃ?"

"ಬೇಳೆಗೆ ಬೆಲ್ಲ ಹಾಕ್ತಾರೆ ನಮಃ. ಹುಳಿ ಅನ್ನೋದೇ ಇಲ್ಲ ನಮಃ."

ಒಂದೊಂದು ಸಲ ನಮಃ ಎಂದಾಗಲೂ ಬಾಯಿ ಕೈ ಮುಗಿದರು. ಪಾಪ ಎನಿಸಿತು, ನಗುವೂ ಬಂತು. ಆದರೆ ಅವರ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಗೊತ್ತಾಗಿದೆಯೋ ಏನೋ ಎಂದು ವಾರವಿಡೀ ಅಳುಕು. ಸುಳ್ಳು ಹೊರಬಿದ್ದರೆ ಹಾಸ್ಟೆಲಿನ ಮಂಚ ಹೋಗುತ್ತದೆ. ಈ ಊರಿನಲ್ಲಿ ಮಂಚ ಹೋದರೆ ಓದೂ ಹೋದಂತೆ.

ದೀಪಾವಳಿಗೆ ಊರಿಗೆ ಹೊರಡಲು ಟಿಕೆಟ್ ಮಾಡಿಸಿದ್ದೆ. ಹಬ್ಬದ ಹಿಂದಿನ ಭಾನುವಾರ ಅಮ್ಮನ ಟ್ರಂಕ್ ಕಾಲ್ ಬಂತು.

"ನಿಮ್ಮಪ್ಪ ಗಂಡು ನೋಡಿದಾರೆ ನಮಃ. ಹಬ್ಬಕ್ಕೆ ಬಂದ್ರೆ ನಿಶ್ಚಿತಾರ್ಥಾನೇ ನಮಃ. ಓದು ಬಿಡಿಸ್ತಾರಂತೆ ನಮಃ." ಆಮೇಲೆ, "ಬರಬೇಡ ಕಣೇ."

ಅಮ್ಮ ನಮಃ ಹೇಳುವುದನ್ನೇ ಮರೆತಿದ್ದಳು. ಅವಳ ಬಿಕ್ಕು ರಿಸೀವರ್ ದಾಟಿ ಕೋಣೆಗೆಲ್ಲ ಕೇಳಿಸಿತು.

ಬಾಯಿ ನನ್ನ ಕೈಯಿಂದ ರಿಸೀವರ್ ತೆಗೆದಿಟ್ಟರು. "ಪೂಜಾ ಮೇ ಕೋಣ್ ರೋತಾ ಹೈ? ಸಚ್ ಬೋಲ್."

ಪೂಜೆಯಲ್ಲಿ ಅಳುವವರು ಯಾರು, ನಿಜ ಹೇಳು ಎಂದರು. ಮದುವೆ ಮಾಡ್ತಾರೆ, ಓದು ನಿಲ್ಲುತ್ತೆ, ಊರಿಗೆ ಹೋಗಲ್ಲ ಎಂದು ನನಗೆ ಬರುವ ಹಿಂದಿಯಲ್ಲೇ ಹೇಳಿದೆ.

"ಶಾದಿ ಕರ್ತಾ ಹೈ, ಬಾಯಿ. ಪಢಾಯಿ ಬಂದ್. ಮೈ ಘರ್ ನಹೀ ಜಾತಾ."

ಬಾಯಿ ನಂಬಿದರೋ ಇಲ್ಲವೋ ತಿಳಿಯಲಿಲ್ಲ. "ನಹೀ ಜಾತೀ. ಲಡ್ಕಿ ಹೈ ನಾ ತೂ?" ಎಂದು, ಹುಡುಗಿಗೆ ಒಪ್ಪದ ನನ್ನ ಗಂಡು ಹಿಂದಿಯನ್ನು ತಿದ್ದಿ, ರಜೆಯಲ್ಲಿ ಉಳಿಯುವವರ ಪಟ್ಟಿಗೆ ನನ್ನ ಹೆಸರು ಸೇರಿಸಿದರು.

ನರಕ ಚತುರ್ದಶಿಯ ಬೆಳಗ್ಗೆ ಬಾಯಿ ನನ್ನನ್ನು ಮಣೆಯ ಮೇಲೆ ಕೂರಿಸಿ ತಲೆಗೆ ಎಣ್ಣೆ ಒತ್ತಿದರು. ಅಮ್ಮನ ಕೈಯಲ್ಲವಲ್ಲ ಎಂದು ಅಳು ಬಂತು. ಆ ಕೈಯ ಕೆಳಗಿಂದ ಏಳಲೂ ಮನಸ್ಸಾಗಲಿಲ್ಲ.