ಗೋಡೆಯೊಳಗಿನ ತುದಿ

ದೋಹಾಕ್ಕೆ ಬಂದ ಮೇಲೆ ನಾನು ಕಟ್ಟಿದ್ದಕ್ಕಿಂತ ಕೆಡವಿದ್ದೇ ಹೆಚ್ಚು. ಹಳೇ ಓಣಿ ತೆಗೆದು ಟವರ್ ಎಬ್ಬಿಸುವಲ್ಲಿಗೆ ಮೊದಲು ಹೋಗುವುದು ನಮ್ಮ ಗ್ಯಾಂಗು. ಸಾಕಾಗಿದೆ. ಆದರೂ ಬೆಳಗಾದರೆ ಬಸ್ ಹತ್ತುತ್ತೇನೆ. ಕೆಡವಿದ ಮನೆಗಳೆಲ್ಲ ಮರೆತುಹೋಗಿವೆ, ಒಂದನ್ನು ಬಿಟ್ಟು.

ಅದು ಸಮುದ್ರದ ಕಲ್ಲಿನ ಗೋಡೆಯ, ಒಳಗೆ ಅಂಗಳವಿದ್ದ ಮನೆ. ಮಾಳಿಗೆ ನೋಡಿ ನಿಂತುಬಿಟ್ಟೆ. ಸಾಲಾಗಿ ಮರದ ಜಂತಿ, ಮೇಲೆ ಚಾಪೆ, ಅದರ ಮೇಲೆ ಮಣ್ಣು. ಬಾಗಲಕೋಟೆ ಕಡೆಯ ನಮ್ಮ ಮನೆಯ ಹಾಗೇ. ಮನೆಯ ಯಜಮಾನ, ವಯಸ್ಸಾದ ಕತಾರಿ ಅಜ್ಜ, ಮುರುಕು ಹಿಂದಿಯಲ್ಲಿ ಒಂದೇ ಮಾತು ಕೇಳಿದ: ಜಂತಿಗಳನ್ನು ಮುರಿಯದೆ ಇಳಿಸಿಕೊಡಿ. ಅವನಪ್ಪ ಹಡಗಿನಲ್ಲಿ ತರಿಸಿದ್ದವಂತೆ. ಮದೀನತ್ ಖಲೀಫಾ ಬಡಾವಣೆಯಲ್ಲಿ ಮಗನ ವಿಲ್ಲಾದ ಪಕ್ಕ ಇದೇ ಅಳತೆಗೆ ಒಂದು ಕೋಣೆಯ ಗೋಡೆ ಎಬ್ಬಿಸಿ, ಜಂತಿಗಾಗಿ ಕಾಯುತ್ತಿದ್ದ.

ನಮ್ಮ ಇಂಜಿನಿಯರ್ ಮೈಸೂರಿನವರು. "ಮಧ್ಯಾಹ್ನದವರೆಗೂ ಟೈಮು ಕಣಯ್ಯ. ಆಮೇಲೆ ಜೆಸಿಬಿ ಬಿಟ್ಟುಬಿಡ್ತೀನಿ," ಎಂದರು.

"ಆಗ್ತೈತ್ರಿ ಸಾಹೇಬ್ರ. ಇದು ನಮಗ ಗೊತ್ತಿದ್ದ ಕೆಲಸ," ಎಂದೆ.

ನಾನು ಮತ್ತು ನನ್ನ ರೂಮಿನ ಗದಗದ ಗೆಳೆಯ ಮಣ್ಣು ತೋಡಿ ಇಳಿಸಿದೆವು, ಚಾಪೆ ಸುತ್ತಿಟ್ಟೆವು. ಜಂತಿಗಳ ತುದಿ ಗೋಡೆಯೊಳಗೆ ಹುದುಗಿತ್ತು. ನಮ್ಮೂರಲ್ಲಿ ಅಂಥ ತುದಿಗೆ ಗೆದ್ದಲು ಹಿಡಿದೇ ಇರುತ್ತದೆ. ಹಳೇ ಮನೆ ಬಿಚ್ಚುವವರು ಅದನ್ನು ಕೊಯ್ದು ಉಳಿದದ್ದನ್ನು ಇಟ್ಟುಕೊಳ್ಳುತ್ತಾರೆ. ನಾನೂ ಹಾಗೇ, ಯಾರನ್ನೂ ಕೇಳದೆ, ಗೋಡೆಗೆ ಸರಿಯಾಗಿ ಗರಗಸ ಇಟ್ಟೆ.

"ಲೇ, ಮಾವನ ಮನಿ ಮಾಳಿಗಿ ಬಿಚ್ಚಿದಂಗ ಬಿಚ್ಚಾಕತ್ತೀಯಲ್ಲೋ!" ಎಂದ ಗೆಳೆಯ.

"ಬಾಯಿ ಮುಚ್ಚಿ ಆ ಕಡೆ ಹಿಡಿ."

ಕೊನೆಯ ಜಂತಿ ಇಳಿಯುವಾಗ ಅಜ್ಜ ಪಿಕಪ್ ತಂದ. ಒಂದನ್ನು ನೆಲದ ಮೇಲೆ ಹಾಕಿಸಿ ಟೇಪು ಹಿಡಿದ. ಮತ್ತೆ ಹಿಡಿದ. ಕೋಣೆಯ ಒಳಗಿನ ಅಗಲಕ್ಕೆ ಸರಿಯಾಗಿತ್ತು, ಅಷ್ಟೇ. ಗೋಡೆಯ ಮೇಲೆ ಕೂರಲು ತುದಿಯೇ ಇರಲಿಲ್ಲ. ತಿರುಗಿ ಗೋಡೆ ನೋಡಿದೆ. ಅದರೊಳಗೆ ಉಳಿದ ತುಂಡುಗಳಲ್ಲಿ ಒಂದು ತೂತೂ ಇಲ್ಲ, ಕಲ್ಲಿನಂಥ ಕಟ್ಟಿಗೆ.

ಗೆಳೆಯ ಕಿವಿಯಲ್ಲಿ, "ಗೆದ್ದಲ ತಿಂದಿತ್ತು ಅನ್ನು. ಅವಗೇನ್ ಗೊತ್ತಾಗ್ತೈತಿ?" ಎಂದ.

ಹಾಗೆ ಹೇಳಲು ಬಾಯಿ ಬರಲಿಲ್ಲ. "ಬಾಬಾ, ಗಲತಿ ಮೇರಾ," ಎಂದು ತಪ್ಪು ಒಪ್ಪಿಕೊಂಡೆ.

ಅಜ್ಜ ಬೈಯಲಿಲ್ಲ. ಕೊಯ್ದ ಕಡೆ ಹೆಬ್ಬೆರಳು ಒತ್ತಿ ನೋಡಿದ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಹೊಸ ಕೋಣೆಯ ಒಂದು ಗೋಡೆ ಒಡೆದು ಒಳಕ್ಕೆ ತಂದು ಕಟ್ಟಬೇಕು, ಬೇರೆ ದಾರಿಯಿಲ್ಲ ಎಂದ. ಹಿಂದೆ ಜೆಸಿಬಿ ಶುರುವಾಯಿತು. ಆ ಸದ್ದಿನಲ್ಲೇ, ಶುಕ್ರವಾರ ನಾನು ಬರುತ್ತೇನೆ ಎಂದು ಕೂಗಿ ಹೇಳಿದೆ.

ಶುಕ್ರವಾರ ನನಗಿದ್ದ ಒಂದೇ ರಜೆ. ಸುತ್ತಿಗೆ ಹಿಡಿದು ಮದೀನತ್ ಖಲೀಫಾಕ್ಕೆ ಹೋದೆ. ಗೋಡೆಗೆ ಇನ್ನೂ ಸುಣ್ಣವೂ ಆಗಿರಲಿಲ್ಲ. ಚೆನ್ನಾಗಿ ಕಟ್ಟಿದ್ದರು, ಸಂಜೆಯಾದರೂ ಅರ್ಧವೇ ಬಿದ್ದಿತ್ತು.