ಅಳಿವೆಯ ಬಾಯಲ್ಲಿ ತಿರುಗಿದ ಚುಕ್ಕಾಣಿ

ನನ್ನ ಭಾವ ಪ್ರಭಾಕರನನ್ನು ನಾನು ಇನ್ನೂ ಕ್ಷಮಿಸಿಲ್ಲ. ನನ್ನಂತೆಯೇ ವೀರಭದ್ರಸ್ವಾಮಿಯನ್ನು ನಂಬಿದ ಓದುಗರಾದ ನಿಮ್ಮೆದುರು ಸುಳ್ಳು ಹೇಳಬಾರದೆಂದು ಇದನ್ನು ಮೊದಲೇ ಬರೆಯುತ್ತಿದ್ದೇನೆ.

ನನ್ನೂರು ಬಂಕಾಪುರ. ಶಿಗ್ಗಾವಿಯ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಗಂಡನ ಅಣ್ಣನಾದ ಈ ಭಾವ ಹಡಗಿನ ನೌಕರಿಯಿಂದ ನಿವೃತ್ತನಾಗಿ ಕಾರವಾರದಲ್ಲಿ ಸಣ್ಣ ಹಾಯಿದೋಣಿ ಇಟ್ಟುಕೊಂಡಿದ್ದಾನೆ. ತಮ್ಮ ತನ್ನನ್ನು ಕೇಳದೆ ನನ್ನನ್ನು ಮದುವೆಯಾದನೆಂದು ಹನ್ನೊಂದು ವರ್ಷ ನಮ್ಮ ಮನೆಯ ನೀರು ಮುಟ್ಟಿರಲಿಲ್ಲ. ಹೋದ ಫೆಬ್ರುವರಿಯಲ್ಲಿ, ಕಾರವಾರದಿಂದ ಹೊನ್ನಾವರಕ್ಕೆ ದೋಣಿಯಲ್ಲಿ ಹೋಗೋಣ ಎಂದು ಕರೆದ. ನನ್ನ ಗಂಡ ಮಹಾಂತೇಶ ಹಿಗ್ಗಿಹೋದರು. "ನಕ್ಷೆ ಇಕಿ ಹಾಕ್ತಾಳಣ್ಣ," ಎಂದು ನನ್ನನ್ನು ಮುಂದೆ ಮಾಡಿದರು.

ಮೂರು ವಾರ ಕೂತು ದಾರಿ ಗುರುತಿಸಿದೆ. ಮೊದಲ ದಿನ ತದಡಿಯಲ್ಲಿ ಲಂಗರು. ಮರುದಿನ ತಡವಾಗಿ ಹೊರಟು, ಮಧ್ಯಾಹ್ನ ಉಬ್ಬರ ಏರುವಾಗ, ಶರಾವತಿ ಕಡಲು ಸೇರುವ ಹೊನ್ನಾವರದ ಅಳಿವೆ ಹೊಗುವುದು. ಇಳಿತದಲ್ಲಿ ಶರಾವತಿಯ ನೀರು ಹೊರಗೆ ನುಗ್ಗಿ, ಒಳಬರುವ ಅಲೆಗೆ ಡಿಕ್ಕಿ ಹೊಡೆದು, ಮರಳದಿಬ್ಬದ ಮೇಲೆ ಅಲೆ ಒಡೆಯುತ್ತದೆ.

ಭಾವ ನನ್ನ ಹಾಳೆಯನ್ನು ಮಡಚಿ ಚಹಾದ ಲೋಟದಡಿ ಇಟ್ಟ. ಎರಡನೇ ದಿನ ಬೆಳಗಿನ ಆರಕ್ಕೇ ಹಾಯಿ ಏರಿಸಿದ.

ಹತ್ತು ಗಂಟೆಯ ಹೊತ್ತಿಗೆ ಗಾಳಿ ಹಿಂದಿನಿಂದ ಬೀಸುತ್ತಿತ್ತು. ಒಂದು ಮಾತೂ ಹೇಳದೆ ಭಾವ ದಿಕ್ಕು ಬದಲಿಸಿದ. ಹಾಯಿಯ ಕೆಳಗಿನ ಅಡ್ಡಮರ ಬೀಸಿ ಬಂದು ನನ್ನ ಗಂಡನ ತಲೆಗೆ ಬಡಿಯಿತು. ಅವರು ಸದ್ದಿಲ್ಲದೆ ಕುಸಿದರು. ನನ್ನ ಸೆರಗೆಲ್ಲ ರಕ್ತ.

"ಸೀದಾ ಹೊನ್ನಾವರ!" ಎಂದ ಭಾವ.

"ಈಗ ಇಳಿತ ಐತ್ರಿ. ದೋಣಿ ಮಗಚತೈತಿ. ಬಸವರಾಜದುರ್ಗದ ನಡುಗಡ್ಡಿ ಮರಿಗೆ ನಿಲ್ಲಿಸ್ರಿ."

"ಬಂಕಾಪುರದ ಕೆರಿಯಾಗ ಈಜಿದಾಕಿ ನನಗ ಸಮುದ್ರ ಕಲಸ್ತೀಯೇನ? ಇವನು ಸತ್ರ ನೀನ ಹೊಣಿ."

ಹೊಡೆದವನು ಅವನು, ಹೊಣೆ ನಾನು! ದೂರದಲ್ಲಿ ಅಳಿವೆಯ ಬಾಯಿಗೆ ಅಡ್ಡಲಾಗಿ ಬಿಳಿಯ ಗೆರೆ ಕಾಣುತ್ತಿತ್ತು. ಹತ್ತಿರವಾದಂತೆ ಅದು ಗೋಡೆಯಾಗಿ ಎದ್ದು ಬೀಳುತ್ತಿತ್ತು. ಗಂಡನ ತಲೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದ ನನಗೆ ಚುಕ್ಕಾಣಿ ಕಸಿಯಲೂ ಆಗಲಿಲ್ಲ. ಕಣ್ಣು ಮುಚ್ಚಿ ವೀರಭದ್ರನನ್ನು ಕೂಗಿದೆ. ಅದು ಭಕ್ತಿಯ ಕೂಗಲ್ಲ, ಸಿಟ್ಟಿನದು. "ನನ್ನ ಮಾತು ಇವ ಕೇಳೂದಿಲ್ಲ. ಇವ ಕೇಳೂವಂಥವರನ್ನ ಕಳಸು, ಈಗ ಕಳಸು!"

ಕಣ್ಣು ತೆರೆದಾಗ ಎಡಗಡೆಯಿಂದ ಒಂದು ಮೀನುದೋಣಿ ಬರುತ್ತಿತ್ತು. ಅದರ ಮುದುಕ ಎದ್ದು ನಿಂತು ಎರಡೂ ಕೈ ಬೀಸಿದ.

"ಹೋಗ್ಬೇಡಿ! ಅಳಿವೆ ಒಡೀತಾ ಉಂಟು! ನಾವೂ ನೀರೇರೂ ತನಕ ಕಾಯೂದೇ!"

ಭಾವ ನನ್ನ ಮುಖ ನೋಡಲಿಲ್ಲ. ಹಲ್ಲು ಕಚ್ಚಿ ಚುಕ್ಕಾಣಿ ತಿರುಗಿಸಿದ.

ದುರ್ಗದ ಮರೆಯಲ್ಲಿ ನೀರು ಶಾಂತವಾಗಿತ್ತು. ಗಾಯಕ್ಕೆ ಬಿಗಿಯಾಗಿ ಬಟ್ಟೆ ಕಟ್ಟಿದೆ. ಫೋನಿಗೆ ಸಿಗ್ನಲ್ ಸಿಕ್ಕಿತು, ಹೊನ್ನಾವರದ ಬಂದರಿಗೆ ಆಂಬುಲೆನ್ಸ್ ಕರೆಸಿದೆ. ನೀರು ಏರುವ ತನಕ, ಮಧ್ಯಾಹ್ನದ ಮೂರು ಗಂಟೆಯವರೆಗೆ, ಗಂಡನ ಉಸಿರು ಎಣಿಸುತ್ತ ಕೂತೆ. ಆಮೇಲೆ ಮೀನುದೋಣಿಯ ಬೆನ್ನಿಗೆ ನಾವೂ ಒಳಹೊಕ್ಕೆವು.

ಆಸ್ಪತ್ರೆಯಲ್ಲಿ ಒಂಬತ್ತು ಹೊಲಿಗೆ ಬಿದ್ದವು. ಸ್ಕ್ಯಾನಿನಲ್ಲಿ ಒಳಗೆ ರಕ್ತಸ್ರಾವವಿಲ್ಲ ಎಂದರು. ವೈದ್ಯೆ, "ಇಳಿತದಲ್ಲಿ ನುಗ್ಗದೆ ಕಾದಿರಲ್ಲ, ಅದೇ ಒಳ್ಳೇದಾಯ್ತು. ಯಾರ ತೀರ್ಮಾನ?" ಎಂದು ಕೇಳಿದರು.

"ನಂದ," ಎಂದ ಭಾವ.

ಅಷ್ಟರಲ್ಲಿ ಹಾಸಿಗೆಯಲ್ಲಿದ್ದ ಗಂಡ ಕಣ್ಣು ಬಿಟ್ಟು, ನನ್ನ ಕಡೆ ಹೊರಳಿ, "ಉಂಡಿಯೇನ?" ಎಂದರು. ಅಲ್ಲಿಯೇ ಗೋಡೆಗೆ ಆತು ಗಳಗಳನೆ ಅತ್ತೆ.

ನಾಲ್ಕನೇ ದಿನ ಶಿರಸಿ, ಹಾನಗಲ್ಲ ಮೇಲಿನ ಬಸ್ಸಿನಲ್ಲಿ ಇಬ್ಬರೇ ಊರಿಗೆ ಬಂದೆವು. ಭಾವನ ಫೋನ್ ಇದುವರೆಗೂ ಇಲ್ಲ. ಆ ಮುದುಕನ ಹೆಸರೂ ನನಗೆ ಗೊತ್ತಿಲ್ಲ. ಬೈದು ಕೂಗಿದರೂ ಸ್ವಾಮಿ ಓಗೊಟ್ಟ ಎಂಬುದು ಗೊತ್ತು. ದಿನಾ ಸಂಜೆ ನನ್ನ ಗಂಡ ಮನೆಯ ಮೆಟ್ಟಿಲು ಹತ್ತಿ ಬರುವ ಸಪ್ಪಳ ಕೇಳಿದಾಗಲೆಲ್ಲ ವೀರಭದ್ರನಿಗೆ ಕೈ ಮುಗಿಯುತ್ತೇನೆ.